ನಾನೂರು ಡಾಲರ್‌ನ ತುರ್ಕಿ ಕೋವಿ: ನನ್ನ ಅನುಭವ

ನನ್ನ ತುರ್ಕಿ ಕೋವಿ ಈ ಚಳಿಗಾಲದಲ್ಲಿ ಸುಮಾರು ಎಂಟು ಸಾವಿರ ತೋಟೆ ದಾಟಿತು. ಕೊನೆಯ ಮೂರು ಸಾವಿರದಲ್ಲಿ ಅದು ಸಿಕ್ಕಿಕೊಂಡದ್ದು, ನೆನಪಿನಿಂದ ಹೇಳುವುದಾದರೆ, ನಾಲ್ಕೈದು ಸಲ. ಅದರಲ್ಲಿ ಒಂದೆರಡು ತೋಟೆಯದೇ ದೋಷ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋ ಸುತ್ತಮುತ್ತ ಗಾಳಿಗೆ ಹಾರಿಸಿದ ಕ್ಲೇ ಬಿಲ್ಲೆ ಹೊಡೆಯುವ ನಮ್ಮ ಗುಂಪಿನಲ್ಲಿ ಇದನ್ನು ಐನೂರು ತೋಟೆಯ ಆಯುಷ್ಯದ ಕೋವಿ ಎಂದವರು ಬಹಳ ಮಂದಿ. ಸೋಮವಾರಪೇಟೆಯಲ್ಲಿರುವ ಅಪ್ಪನೂ ಫೋನಿನಲ್ಲಿ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು: "ಹೊಸ ಕೋವಿ ಕೊಂಡು ಯಾರಾದರೂ ಅದಕ್ಕೆ ಅರ ಹಾಕುತ್ತಾರೆಯೇ?" ಹಾಕಬೇಕಾಗುತ್ತದೆ. ನಾನು ಹಾಕಿದ್ದೇನೆ, ಕೋವಿ ಓಡುತ್ತಿದೆ. ಹೇಗೆಂದು ಬರೆಯುತ್ತೇನೆ.

ಕೋವಿ ಬಿಚ್ಚಿ ಜೋಡಿಸಲು ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೂ ಪ್ರಯೋಜನ ಕಡಿಮೆ. ಅಮೆರಿಕದ ಅಂಗಡಿಗಳಲ್ಲಿ ನಾನೂರರಿಂದ ಆರುನೂರು ಡಾಲರ್‌ವರೆಗೆ ಸಿಗುವ ತುರ್ಕಿ ಕೋವಿಗಳಲ್ಲಿ ಬಹುಪಾಲು ಕೊನ್ಯಾ ಪ್ರಾಂತ್ಯದ ಬೇಶೆಹಿರ್ ಸುತ್ತಿನ ಹೂಲು, ಉಝುಮ್ಲು ಎಂಬ ಊರುಗಳ ಕಾರ್ಖಾನೆಗಳಿಂದ ಬರುತ್ತವೆ. ಒಂದೇ ಕಾರ್ಖಾನೆಯ ಕೋವಿ ಎರಡು ಮೂರು ಆಮದುದಾರರ ಹೆಸರು ಹೊತ್ತು ಬೇರೆ ಬೇರೆ ಬೆಲೆಗೆ ಮಾರಾಟವಾಗುವುದೂ ಉಂಟು. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ನಳಿಗೆ ಮತ್ತು ಕೋವಿಯ ಮೈಯ ಪಕ್ಕದ ಸಣ್ಣ ಅಕ್ಷರ ಓದಿ. ಆಮದುದಾರ, ತಯಾರಕ, ದೇಶ ಎಲ್ಲವನ್ನೂ ಕೋವಿಯ ಮೇಲೆ ಕೊರೆದಿರಲೇಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ, ಏಕೆಂದರೆ ಇಲ್ಲಿನ ಕನ್ನಡದ ಹುಡುಗರು ನನ್ನನ್ನು ಮೊದಲು ಕೇಳುವುದೇ ಇದನ್ನು. ಎಚ್-1ಬಿ ವೀಸಾದಲ್ಲಿರುವವರು ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ನಾನು ಆ ದಾರಿ ಹಿಡಿಯಲಿಲ್ಲ, ಗ್ರೀನ್ ಕಾರ್ಡ್ ಬರುವವರೆಗೂ ಕೈ ಕಟ್ಟಿಕೊಂಡು ನೋಡುತ್ತಿದ್ದೆ. ಅಪ್ಪನ ಜೋಡಿನಳಿಗೆ ಕೋವಿ ಮನೆಯಲ್ಲಿದ್ದ ಕಾಲದಲ್ಲಿ ಬೆಳೆದವನಿಗೆ ಅದು ಸಣ್ಣ ತಪಸ್ಸಾಗಿರಲಿಲ್ಲ.

ನಾನು ಕೊಂಡದ್ದು ಇನರ್ಷಿಯಾ ಮಾದರಿಯ (ಹಿಂದಕ್ಕೆ ಚಿಮ್ಮುವ ಹೊಡೆತದಿಂದಲೇ ಮುಂದಿನ ತೋಟೆ ತುಂಬಿಕೊಳ್ಳುವ), ಹನ್ನೆರಡು ಬೋರಿನ, 28 ಇಂಚು ನಳಿಗೆಯ ಸೆಮಿ ಆಟೋಮ್ಯಾಟಿಕ್. ಬ್ರೂನೋ ಚಿವೋಲಾನಿಯ ವಿನ್ಯಾಸವನ್ನು ಹಿಡಿದು ಇಟಲಿಯ ಬೆನೆಲ್ಲಿ ಕಂಪನಿ 1967ರಲ್ಲಿ ಶುರುವಾಯಿತಲ್ಲ, ಆ ಜಾತಿಯದು. ಪೇಟೆಂಟ್ ಅವಧಿ ಮುಗಿದ ಮೇಲೆ ತುರ್ಕಿಯವರು ಅದನ್ನು ಬಿಡದೆ ನಕಲು ಮಾಡಿದ್ದಾರೆ. ಮೂಲ ಇಟಲಿಯ ಕೋವಿಗೆ ಸಾವಿರದ ಐನೂರು ಡಾಲರ್‌ನ ಸುತ್ತಮುತ್ತ ಕೊಡಬೇಕು. ನನ್ನದು ತೆರಿಗೆ ಸೇರಿ 430 ಆಗಿರಬೇಕು. ಆಕ್ರೋಟಿನ ಮರದ ಹಿಡಿ ಮಾತ್ರ ಆ ಬೆಲೆಗೆ ನಂಬಲಾಗದಷ್ಟು ಚೆಲುವಾಗಿತ್ತು. ತುರ್ಕಿಯ ಆಕ್ರೋಟ್ ಮರಕ್ಕೆ ಜಗತ್ತಿನ ಕೋವಿ ತಯಾರಕರೆಲ್ಲ ಕೈ ಚಾಚುತ್ತಾರೆ ಎನ್ನುವುದು ಸುಮ್ಮನೆ ಅಲ್ಲ.

ಮೊದಲ ಪೆಟ್ಟಿಗೆ ತೋಟೆಯಲ್ಲೇ ಗೋಳು ಶುರುವಾಯಿತು. ಎರಡನೇ ತೋಟೆ ಎದ್ದು ಬಂದರೂ ಅದರ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಟ್ರಿಗರ್ ಎಳೆದರೆ ಬರಿಯ 'ಕ್ಲಿಕ್'. (ಹೀಗಾದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹೊತ್ತುವ ತೋಟೆಗಳಿವೆ.) ಖಾಲಿ ತೋಟೆ ಹೊರಬೀಳದೆ ಬಾಯಲ್ಲೇ ನಿಂತದ್ದು, ತೋಟೆ ತುಂಬಿಡುವ ಕೊಳವೆಯಾದ ಮ್ಯಾಗಜೀನ್‌ನಿಂದ ಒಟ್ಟಿಗೇ ಎರಡು ತೋಟೆ ಜಾರಿಬಂದದ್ದು, ತೋಟೆ ಎತ್ತುವ ತಟ್ಟೆಯ ಅಂಚು ಹೆಬ್ಬೆರಳನ್ನು ಕೊಯ್ದದ್ದು, ಇವೆಲ್ಲ ಒಂದೇ ಮಧ್ಯಾಹ್ನದ ಸಂಪಾದನೆ. ಹತ್ತಕ್ಕೆ ಎರಡು ತೋಟೆಯಾದರೂ ತೊಂದರೆ ಕೊಡುತ್ತಿದ್ದವು.

ವಾರಂಟಿ ಇದೆ ಎಂದು ಆಮದುದಾರರಿಗೆ ಕಳುಹಿಸಿದೆ. ಸಾಗಣೆಯ 45 ಡಾಲರ್ ನನ್ನ ಕೈಯಿಂದಲೇ. ಎರಡು ತಿಂಗಳ ಮೇಲೆ ವಾಪಸ್ ಬಂತು. ಜೊತೆಗಿದ್ದ ಚೀಟಿಯಲ್ಲಿ 'ಪರೀಕ್ಷಿಸಲಾಗಿದೆ, ಸರಿಯಾಗಿದೆ' ಎಂದಿತ್ತು. ಬಹುಶಃ ಭಾರದ ತೋಟೆ ಹಾಕಿ ಹೊಡೆದು ನೋಡಿದ್ದರು, ಅದರಲ್ಲಿ ಅದು ಓಡುತ್ತಿತ್ತು ಕೂಡ. ನನಗೆ ಬೇಕಾಗಿದ್ದದ್ದು 28 ಗ್ರಾಂ ಚರೆಯ ಸಾಮಾನ್ಯ ತೋಟೆಯಲ್ಲಿ ಓಡುವ ಕೋವಿ.

ಆಮೇಲೆ ಎಲ್ಲರೂ ಹೇಳುವ ಮದ್ದುಗಳನ್ನು ಒಂದೊಂದಾಗಿ ಮಾಡಿದೆ. ಹೆಚ್ಚು ಎಣ್ಣೆ ಹಾಕಿದರೆ ಅದು ಹೊಗೆಮಸಿಯ ಜೊತೆ ಸೇರಿ ಅಂಟಾಯಿತು. ಇಪ್ಪತ್ತು ಡಾಲರ್ ಕೊಟ್ಟು ಬೋಲ್ಟನ್ನು ಮುಂದಕ್ಕೆ ತಳ್ಳುವ ರಿಟರ್ನ್ ಸ್ಪ್ರಿಂಗ್ ಬದಲಿಸಿದೆ, ಎರಡು ದಿನ ಚೆನ್ನಾಗಿ ನಡೆದು ಮತ್ತೆ ಅದೇ ಹಾಡು. ತೋಟೆಯ ಕಂಪನಿ ಬದಲಿಸಿ ನೋಡಿದ್ದರಿಂದ ಮಾತ್ರ ಒಂದು ಸುಳಿವು ಸಿಕ್ಕಿತು. ತಳಕ್ಕೆ ಹಿತ್ತಾಳೆ ಇರುವ ತೋಟೆ ಸುಲಭವಾಗಿ ಹೊರಬೀಳುತ್ತಿತ್ತು, ತಳಕ್ಕೆ ಉಕ್ಕು ಹಾಕಿದ ಅಗ್ಗದ ತೋಟೆ ಅಂಟಿಕೊಳ್ಳುತ್ತಿತ್ತು. ಅಂದರೆ ತೋಟೆ ಕೂರುವ ಮನೆಯ ಒಳಮೈ ಒರಟಾಗಿದೆ ಎಂದಾಯಿತು. ಬೆಳಕು ಹಾಯಿಸಿ ನೋಡಿದರೆ ಕೊರೆದ ಗೆರೆಗಳು ಸುತ್ತಲೂ ಎದ್ದು ಕಾಣುತ್ತಿದ್ದವು.

ಅಲ್ಲಿಗೆ ನನಗೆ ವಿಷಯ ಹೊಳೆಯಿತು. ಈ ಕೋವಿಗಳ ಉಕ್ಕಿನಲ್ಲಾಗಲಿ ವಿನ್ಯಾಸದಲ್ಲಾಗಲಿ ಕೊರತೆ ಇಲ್ಲ. ಬೆಲೆ ಇಳಿಸಲು ಕಾರ್ಖಾನೆಯವರು ಕೊನೆಯ ಐದಾರು ಗಂಟೆಯ ಕೈಕೆಲಸವನ್ನು ಬಿಟ್ಟುಬಿಡುತ್ತಾರೆ. ಆ ಗಂಟೆಗಳನ್ನು ನಾವು ಕೊಟ್ಟರೆ ಆಯಿತು.

ಮೊದಲು ಹಿಡಿಯ ಹಿಂದಿನ ರಬ್ಬರ್ ತೆಗೆದು, ಉದ್ದನೆಯ ಸಾಕೆಟ್ಟಿನಿಂದ ಒಳಗಿನ ನಟ್ಟು ಬಿಚ್ಚಿ, ಮರದ ಹಿಡಿಯನ್ನೇ ಕಳಚಿದೆ. ರಿಟರ್ನ್ ಸ್ಪ್ರಿಂಗ್ ಇರುವ ಕೊಳವೆ ಅಲ್ಲಿದೆ. ಬಹಳ ಜನ ಕೋವಿ ಸ್ವಚ್ಛ ಮಾಡುವಾಗ ಇಲ್ಲಿಗೆ ಬರುವುದೇ ಇಲ್ಲ. ಕೊಳವೆಯ ತುಂಬ ತುಕ್ಕು ತಡೆಯಲು ತುಂಬಿದ ಕಂದು ಗ್ರೀಸ್ ಇತ್ತು, ಹಳೆಯ ಜೋನಿಬೆಲ್ಲದ ಹಾಗೆ. ಹೊಸ ಸ್ಪ್ರಿಂಗನ್ನು ನಾನು ಕೂರಿಸಿದ್ದದ್ದೂ ಅದೇ ಗ್ರೀಸಿನೊಳಗೆ. ಬೋಲ್ಟ್ ಹಿಂದಕ್ಕೇನೋ ಹೋಗುತ್ತಿತ್ತು, ಮುಂದಕ್ಕೆ ಬರುವಾಗ ಬಲ ಸಾಲದೆ ಅದರ ತಲೆ ಪೂರ್ತಿ ತಿರುಗಿ ಬೀಗ ಬೀಳುತ್ತಿರಲಿಲ್ಲ. 'ಕ್ಲಿಕ್' ಬರುತ್ತಿದ್ದದ್ದು ಅದಕ್ಕೇ. ದ್ರಾವಣ ಹಾಕಿ, ಬ್ರಷ್ ಆಡಿಸಿ, ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ತೊಳೆದೆ. ಕೊಳವೆಯ ಒಳಮೈಯನ್ನು ಸಾವಿರ ನಂಬರಿನ ಮರಳು ಕಾಗದದಿಂದ ಉಜ್ಜಿದೆ. ಜೋಡಿಸುವಾಗ ತೆಳ್ಳಗೆ ಒಂದು ಪದರ ಎಣ್ಣೆ, ಅಷ್ಟೇ.

ಎರಡನೆಯದು ಉಜ್ಜುವ ಕೆಲಸ. ಬೋಲ್ಟಿನ ಕೆಳಮೈ, ಅದು ಓಡಾಡುವ ಹಳಿಗಳು, ಹಿಂದಿನ ಕೊಂಡಿಯ ಬಾಲ, ತಟ್ಟೆಯ ಅಂಚು, ಮ್ಯಾಗಜೀನ್ ಕೊಳವೆಯ ಬಾಯಿ. ಬೋಲ್ಟಿನ ಕೆಳಗೆ ಮಾರ್ಕರ್‌ನಿಂದ ಮಸಿ ಬಳಿದು ನೂರು ಸಲ ಕೈಯಿಂದ ಎಳೆದು ಬಿಡಿ. ಮಸಿ ಎಲ್ಲಿ ಅಳಿಸಿಹೋಗುತ್ತದೆಯೋ ಅಲ್ಲಿ ಮಾತ್ರ ಉಜ್ಜಬೇಕು. ಆರುನೂರು, ಸಾವಿರ, ಎರಡು ಸಾವಿರ ನಂಬರಿನ ಕಾಗದ, ಎಣ್ಣೆಯಲ್ಲಿ ನೆನೆಸಿ. ಬೋಲ್ಟ್ ತಲೆಯ ಬೀಗದ ಹಲ್ಲುಗಳನ್ನೂ ಟ್ರಿಗರಿನ ಕೊಕ್ಕೆಗಳನ್ನೂ ಮುಟ್ಟಲೇಬಾರದು. ಅಲ್ಲಿ ಕೂದಲೆಳೆ ಹೋದರೂ ಕೋವಿ ಅಪಾಯಕಾರಿಯಾಗುತ್ತದೆ. ತೋಟೆಯ ಮನೆಗೆ ನಯವಾದ ಉಕ್ಕಿನ ನಾರನ್ನು ಬ್ರಷ್ಷಿಗೆ ಸುತ್ತಿ, ಎಣ್ಣೆ ಹಾಕಿ, ನಿಧಾನವಾಗಿ ತಿರುಗಿಸಿದೆ. ಗೆರೆ ಪೂರ್ತಿ ಹೋಗುವುದು ಬೇಕಿಲ್ಲ, ಅದರ ಮೊನೆ ಮುರಿದರೆ ಸಾಕು.

ಎರಡೆರಡು ತೋಟೆ ಜಾರಿಬರುತ್ತಿದ್ದದ್ದನ್ನು ಸರಿಮಾಡಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ತೋಟೆ ತಡೆಯುವ ತುಂಡಿಗೆ ಎಷ್ಟು ಬಾಗು ಕೊಡಬೇಕೆನ್ನುವುದು ಕೋವಿಯಿಂದ ಕೋವಿಗೆ ಬೇರೆ, ಓದಿ ಮಾಡಿದರೆ ತುಂಡು ಮುರಿಯುತ್ತದೆ. ಕ್ಲಬ್ಬಿನಲ್ಲಿ ಸಿಕ್ಕರೆ ಎದುರಿಗೇ ತೋರಿಸುತ್ತೇನೆ. ಕೊಳವೆಗೆ ನಾನು ಹಾಕುವ ಎಣ್ಣೆ ಯಾವುದು ಎನ್ನುವುದೂ ಸದ್ಯ ನನ್ನಲ್ಲೇ ಇರಲಿ.

ಮೂರನೆಯದು ಪಳಗಿಸುವುದು. 32 ಗ್ರಾಂನ ಭಾರದ ತೋಟೆ ಒಂದು ಕೇಸು, ಅಂದರೆ 250. ಇದಕ್ಕೆ ನೂರಿಪ್ಪತ್ತು ಡಾಲರ್‌ನಷ್ಟು ಹೋಯಿತು. ಇಡೀ ಲೆಕ್ಕದಲ್ಲಿ ಕೋವಿಯ ನಂತರ ದೊಡ್ಡ ಖರ್ಚು ಇದೇ. ಭುಜವೂ ನೀಲಿಯಾಯಿತು. ಕೈಪಿಡಿಯಲ್ಲಿ ನೂರು ಸಾಕೆಂದಿರುತ್ತದೆ. ನನ್ನ ಅನುಭವದಲ್ಲಿ ನೂರಕ್ಕೂ ಇನ್ನೂರೈವತ್ತಕ್ಕೂ ಕೈಗೆ ತಿಳಿಯುವಷ್ಟು ವ್ಯತ್ಯಾಸವಿದೆ. ಪ್ರತಿ ಐವತ್ತಕ್ಕೆ ಬಿಚ್ಚಿ ಒರೆಸಿದೆ. ಉದುರಿದ ಲೋಹದ ಪುಡಿ ಮೊದಲು ಕಪ್ಪಗೆ ಕಾಣುತ್ತಿದ್ದದ್ದು ಕೊನೆಗೆ ಇಲ್ಲವಾಯಿತು. ಇದಾದ ಮೇಲೆ 28 ಗ್ರಾಂನ ತೋಟೆ ಹಾಕಿದೆ. ಒಂದು ಇಡೀ ಕೇಸು ತಡೆಯಿಲ್ಲದೆ ಓಡಿತು. ಉಕ್ಕಿನ ತಳದ ಅಗ್ಗದ ತೋಟೆಯೂ ಓಡಿತು. ಸಾಗಣೆ, ಸ್ಪ್ರಿಂಗ್, ಕಾಗದ, ದ್ರಾವಣ ಎಲ್ಲ ಕೂಡಿಸಿದರೂ ಒಟ್ಟು 650 ದಾಟಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಭುಜಕ್ಕೆ ಹೊಡೆತ ಕಡಿಮೆಯಾಗಲಿ ಎಂದು ಮ್ಯಾಗಜೀನ್ ತುದಿಗೆ ಮುನ್ನೂರು ಗ್ರಾಂನಷ್ಟು ಸೀಸದ ಭಾರ ಕಟ್ಟಿದೆ. ಹೊಡೆತವೇನೋ ಮೆತ್ತಗಾಯಿತು, ಕೋವಿ ಮಾತ್ರ ಮತ್ತೆ ಖಾಲಿ ತೋಟೆ ಬಾಯಲ್ಲಿ ಕಚ್ಚಿಕೊಳ್ಳತೊಡಗಿತು. ಇನರ್ಷಿಯಾ ಕೋವಿ ನಡೆಯುವುದೇ ತಾನು ಹಿಂದಕ್ಕೆ ಚಿಮ್ಮುವ ವೇಗದಿಂದ. ಭಾರ ಹೆಚ್ಚಿಸಿದರೆ ಆ ವೇಗವೇ ಹೋಗುತ್ತದೆ. ಭುಜಕ್ಕೆ ಸಡಿಲವಾಗಿ ಒತ್ತುವವರ ಕೈಯಲ್ಲೂ ಕೆಲವೊಮ್ಮೆ ಇದು ನಿಲ್ಲುತ್ತದೆ, ಆದರೆ ಅದಕ್ಕೆ ಕಾರಣ ಬೇರೆ ಇರಬಹುದು, ನಾನು ಅದನ್ನು ಬೆನ್ನಟ್ಟಲಿಲ್ಲ. ಭಾರ ಬಿಚ್ಚಿದೆ, ದಪ್ಪ ರಬ್ಬರ್ ಹಾಕಿದೆ.

ಓಡುವುದು ಒಂದು, ಹೊಡೆಯುವುದು ಇನ್ನೊಂದು. ಅಗ್ಗದ ಕೋವಿಯ ಚೋಕ್ (ಚರೆಯ ಹರವನ್ನು ಹಿಡಿತದಲ್ಲಿಡಲು ನಳಿಗೆಯ ತುದಿಗೆ ಹಾಕುವ ತುಂಡು) ಮೇಲೆ ಬರೆದಿರುವುದನ್ನು ನಂಬಬೇಡಿ. 40 ಗಜ ದೂರದಲ್ಲಿ ಕಾಗದ ಕಟ್ಟಿ, 30 ಇಂಚಿನ ವೃತ್ತದೊಳಗೆ ಬಿದ್ದ ಚರೆಗಳನ್ನು ಎಣಿಸಿದೆ. 28 ಗ್ರಾಂನ ಎಂಟನೇ ನಂಬರ್ ಚರೆಯ ತೋಟೆಯಲ್ಲಿ ಸುಮಾರು 410 ಚರೆ ಇರುತ್ತವೆ. 'ಮಾಡಿಫೈಡ್' ಎಂದಿದ್ದ ಚೋಕ್ ನೂರಕ್ಕೆ 60ರ ಬದಲು 70ರ ಮೇಲೆ ಒಳಗಿಟ್ಟಿತು, ಅಂದರೆ ಅದು ಇನ್ನೂ ಬಿಗಿಯಾದ 'ಫುಲ್'. ಫುಲ್ ಎಂದಿದ್ದದ್ದು ಅದಕ್ಕಿಂತ ಹದಗೆಟ್ಟು ಚೆಲ್ಲುತ್ತಿತ್ತು. ಈಗ ಕ್ಲೇ ಬಿಲ್ಲೆ ಹೊಡೆಯುವ ಎರಡು ಬಗೆಯ ಪಂದ್ಯಗಳಲ್ಲಿ ಸ್ಕೀಟ್‌ಗೆ ಒಂದು, ಟ್ರ್ಯಾಪ್‌ಗೆ ಒಂದು, ಎರಡೇ ಚೋಕ್ ಇಟ್ಟುಕೊಂಡು ನನ್ನದೇ ಗುರುತು ಕೊರೆದಿದ್ದೇನೆ. ಉಳಿದ ಮೂರು ಡಬ್ಬಿಯಲ್ಲಿವೆ.

ಈ ಯಶಸ್ಸಿನ ಹುರುಪಿನಲ್ಲಿ ಅದೇ ನಾಡಿನ, ಬೇರೆ ಹೆಸರಿನ, ಮೇಲೊಂದು ಕೆಳಗೊಂದು ನಳಿಗೆಯ ಕೋವಿಯನ್ನೂ 650ಕ್ಕೆ ತಂದೆ. ಅದು ನನ್ನ ಕೈಗೆ ಬಗ್ಗಲಿಲ್ಲ. ಮೂವತ್ತು ಗಜದಲ್ಲಿ ಮೇಲಿನ ನಳಿಗೆ ಗುರಿಗೆ ಹೊಡೆದರೆ ಕೆಳಗಿನದು ಒಂದು ಗೇಣು ಕೆಳಕ್ಕೆ. ಎರಡು ನಳಿಗೆಗಳನ್ನು ಬೆಸೆಯುವಾಗಲೇ ಆದ ದೋಷ ಅದು, ಯಾವ ಕಾಗದ ಉಜ್ಜಿದರೂ ಹೋಗುವುದಿಲ್ಲ. ಎರಡು ಸಾವಿರ ತೋಟೆಯ ಹೊತ್ತಿಗೆ ಒಂದು ಫೈರಿಂಗ್ ಪಿನ್ನೂ ಮುರಿಯಿತು. ದೋಷ ಹೇಳಿಯೇ 400ಕ್ಕೆ ಮಾರಿದೆ. ಅಗ್ಗದ ಆಮದಿನಲ್ಲಿ ಒಂಟಿ ನಳಿಗೆಯ ಸೆಮಿ ಆಟೋಮ್ಯಾಟಿಕ್ಕೋ ಕೈಯಿಂದ ಎಳೆದು ತೋಟೆ ತುಂಬುವ ಪಂಪೋ ಕೊಳ್ಳಿ, ಜೋಡಿನಳಿಗೆ ಬೇಕಿದ್ದರೆ ಎರಡೂ ನಳಿಗೆಯಿಂದ ಕಾಗದಕ್ಕೆ ಹೊಡೆದು ನೋಡದೆ ದುಡ್ಡು ಬಿಚ್ಚಬೇಡಿ. ಇಲ್ಲವಾದರೆ ಹಳೆಯ ರಷ್ಯನ್ ಬೈಕಾಲ್ ಹುಡುಕಿ. 2014ರ ನಿರ್ಬಂಧದ ನಂತರ ಅವು ಇಲ್ಲಿಗೆ ಹೊಸದಾಗಿ ಬರುವುದು ನಿಂತಿದೆ, ಆದರೆ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಗೆಳೆಯನೊಬ್ಬನ ಬೈಕಾಲ್ ಅನ್ನು ನಾನು ಒಂದು ಋತುವಿಡೀ ಬಳಸಿದೆ. ಭಾರ, ಒರಟು, ಮರ ನೋಡುವ ಹಾಗಿಲ್ಲ, ಮುಚ್ಚಲು ಮಂಡಿಯ ಬಲ ಬೇಕು. ಎರಡು ನಳಿಗೆಯೂ ಒಂದೇ ಕಡೆ ಹೊಡೆಯುತ್ತಿದ್ದವು.

ಕ್ಲಬ್ಬಿನಲ್ಲಿ ನನ್ನನ್ನು ಅತಿ ಹೆಚ್ಚು ಟೀಕಿಸುತ್ತಿದ್ದ ಹಿರಿಯರು ಈಗ ತಮ್ಮ ಮೊಮ್ಮಗನಿಗೆ ಕೊಂಡ ತುರ್ಕಿ ಕೋವಿಯನ್ನು ನನ್ನ ಗ್ಯಾರೇಜಿನಲ್ಲಿ ಬಿಟ್ಟು ಹೋಗಿದ್ದಾರೆ. ಅದರ ಕೊಳವೆಯಲ್ಲೂ ಅದೇ ಕಂದು ಗ್ರೀಸ್. ಬರುವ ಶನಿವಾರದ ಒಳಗೆ ಮುಗಿಸಿ ಕೊಡಬೇಕು.

ನನ್ನ ಕೋವಿಯಲ್ಲಿ ಉಳಿದಿರುವ ಒಂದು ತೊಡಕು 24 ಗ್ರಾಂನ ತೋಟೆ. ಅಂತರರಾಷ್ಟ್ರೀಯ ಟ್ರ್ಯಾಪ್, ಸ್ಕೀಟ್‌ನಲ್ಲಿ ಬಳಸುವುದು ಅದನ್ನೇ. ಬೇಸಿಗೆಯಲ್ಲಿ ನಡೆಯುತ್ತದೆ, ಜನವರಿಯ ಬೆಳಗಿನ ಚಳಿಯಲ್ಲಿ ಹತ್ತಕ್ಕೊಂದು ನಿಲ್ಲುತ್ತದೆ. ಮೊದಲು ಎಣ್ಣೆ ಬದಲಿಸಿ ನೋಡುತ್ತೇನೆ. ಬಗ್ಗದಿದ್ದರೆ ರಿಟರ್ನ್ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವ ಯೋಚನೆ ಇದೆ, ಆದರೆ ಹಾಗೆ ಮಾಡಿದರೆ 'ಕ್ಲಿಕ್' ಮರಳಿ ಬರುವ ಭಯವೂ ಇದೆ. ಕತ್ತರಿಸಲು ಇನ್ನೊಂದು ಸ್ಪ್ರಿಂಗ್ ತರಿಸಿಟ್ಟಿದ್ದೇನೆ.