ಯುವಿಸಿಇ ಸೀಟು ಸಿಗುತ್ತದೆಯೇ? ನಾನು ಲೆಕ್ಕ ಹಾಕುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ವರ್ಷವಿಡೀ ಪಹಣಿ, ಆಧಾರ್, ಬೆಳೆ ವಿಮೆ ಅರ್ಜಿಗಳ ಕೆಲಸ. ಎಂಜಿನಿಯರಿಂಗ್ ಪ್ರವೇಶಕ್ಕೆ ರಾಜ್ಯ ನಡೆಸುವ ಸಿಇಟಿ ಪರೀಕ್ಷೆಯ ಫಲಿತಾಂಶ ಬಂತೆಂದರೆ, ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿ ಮುಗಿಯುವವರೆಗೆ ಮುಂದಿನ ಬೆಂಚು ತೆರವಾಗುವುದಿಲ್ಲ. ಕುಳಿತವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ತಂಗಿ, ಈ ರ‍್ಯಾಂಕಿಗೆ ಸರ್ಕಾರಿ ಸೀಟು ಸಿಗುತ್ತದೆಯೇ?"

ಮೊದಲು ನಾನು ತಿರುಗಿ ಕೇಳುವುದು, ಯಾವ ಸರ್ಕಾರಿ ಸೀಟು ಎಂದು. ಖಾಸಗಿ ಕಾಲೇಜಿನಲ್ಲಿ ಸರ್ಕಾರ ಹಂಚುವ ಸೀಟೂ ಸರ್ಕಾರಿ ಸೀಟೇ, ಸರ್ಕಾರದ ಕಾಲೇಜಿನ ಸೀಟೂ ಸರ್ಕಾರಿ ಸೀಟೇ. ಎರಡರ ಶುಲ್ಕ ಬೇರೆ, ಪೈಪೋಟಿ ಬೇರೆ. ನಮ್ಮ ಕಡೆಯ ಹುಡುಗರ ಕನಸು ಸಾಮಾನ್ಯವಾಗಿ ಬೆಂಗಳೂರಿನ ಕೆ.ಆರ್. ವೃತ್ತದ ಯುವಿಸಿಇ, ಅಂದರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1917ರಲ್ಲಿ ಶುರುವಾದ ಆ ಕಾಲೇಜು ಈಗ ತನ್ನದೇ ಕಾಯ್ದೆಯಿರುವ ಸ್ವಾಯತ್ತ ಸಂಸ್ಥೆ. ನಾನಿಲ್ಲಿ ಅದನ್ನೇ ಗುರಿಯಾಗಿಟ್ಟುಕೊಂಡು ಹೇಳುತ್ತೇನೆ. ಬೇರೆ ಕಾಲೇಜಿಗೂ ಲೆಕ್ಕದ ದಾರಿ ಇದೇ.

ರ‍್ಯಾಂಕ್ ಬರುವ ಮೊದಲೇ ಅಂದಾಜು ಬೇಕೆನ್ನುವವರಿಗೆ ಒಂದು ಸಣ್ಣ ಲೆಕ್ಕವಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು ಅರ್ಧ ಪಾಲು, ಸಿಇಟಿಯದ್ದು ಇನ್ನರ್ಧ. ಪಿಯುಸಿಯಲ್ಲಿ 300ಕ್ಕೆ 276 ಬಂದಿದ್ದರೆ ಅದು ಶೇ 92. ಸಿಇಟಿಯಲ್ಲಿ 180ಕ್ಕೆ 102 ಬಂದರೆ ಶೇ 56.67. ಕೂಡಿಸಿ ಅರ್ಧ ಮಾಡಿದರೆ 74.33. ಇದನ್ನು ಮಾಡಿ ತೋರಿಸಿದಾಗ ಹುಡುಗರು ಗಮನಿಸದ ಒಂದು ಸಂಗತಿ ಇದೆ: ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಆದರೂ ಉತ್ತರ ಗೊತ್ತಿಲ್ಲವೆಂದು ಖಾಲಿ ಬಿಟ್ಟು ಬರುವವರು ಪ್ರತಿ ವರ್ಷ ಸಿಗುತ್ತಾರೆ. ಅವರನ್ನು ಬೈಯುವುದಕ್ಕೂ ಮನಸ್ಸು ಬರುವುದಿಲ್ಲ.

ಆ 74.33ಕ್ಕೆ ಯಾವ ರ‍್ಯಾಂಕ್ ಬರುತ್ತದೆ? ಅಂಗಡಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಬಂದ ಮಕ್ಕಳ ಹೆಸರು ಬರೆಯುವುದಿಲ್ಲ, ಶೇಕಡಾ ಮತ್ತು ರ‍್ಯಾಂಕ್ ಮಾತ್ರ ಬರೆಯುತ್ತೇನೆ. ನಿಮ್ಮ ಕಾಲೇಜಿನ ಹಿರಿಯರನ್ನು ಕೇಳಿ ಹತ್ತು ಹದಿನೈದು ಜನರದ್ದು ಬರೆದುಕೊಂಡರೂ ಸಾಕು. ಆದರೆ ಇದನ್ನು ಗಟ್ಟಿ ನೆಲವೆಂದು ನಂಬಬೇಡಿ. ಪ್ರಶ್ನೆಪತ್ರಿಕೆ ಕಠಿಣವಾದ ವರ್ಷ ಅದೇ ಶೇಕಡಾ ಬಹಳ ಮೇಲಿನ ರ‍್ಯಾಂಕ್ ತರುತ್ತದೆ. 2024ರಲ್ಲಿ ಪಠ್ಯಕ್ರಮದಲ್ಲಿ ಇಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಆ ವರ್ಷದ ಅಂಕವನ್ನು ಬೇರೆ ವರ್ಷದ ಅಂಕದ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಅದಕ್ಕೇ ರ‍್ಯಾಂಕ್ ಕೈಗೆ ಬಂದ ಮೇಲೆ ಅಂಕದ ಮಾತು ಬಿಟ್ಟುಬಿಡಿ.

ಈಗ ನಿಜವಾದ ಕೆಲಸ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರತಿ ಸುತ್ತಿನ ಸೀಟು ಹಂಚಿಕೆಯ ನಂತರ ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಯಾವ ವರ್ಗಕ್ಕೆ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬ ಪಟ್ಟಿ ಹಾಕುತ್ತದೆ. ಎಲ್ಲರೂ ಇದನ್ನು ಕಟ್‌ಆಫ್ ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಬೇಡಿ. ಅಕ್ಷರ ಸಾಸಿವೆ ಕಾಳಿನಷ್ಟಿರುತ್ತದೆ, ಒಂದು ಸಾಲು ಜಾರಿದರೆ ಸಿವಿಲ್‌ನ ರ‍್ಯಾಂಕನ್ನು ಕಂಪ್ಯೂಟರ್ ಸೈನ್ಸಿನದೆಂದು ಓದಿ ಸಿಹಿ ಹಂಚಿಬಿಡುತ್ತೀರಿ. ನಿಮಗೆ ಬೇಕಾದ ಪುಟವನ್ನಷ್ಟೇ ಮುದ್ರಿಸಿ. ಸಾಲಿನ ಕೆಳಗೆ ಮರದ ಸ್ಕೇಲ್ ಇಟ್ಟು, ಎಡದಿಂದ ಬಲಕ್ಕೆ ಬೆರಳಿನಿಂದ ಹೋಗಿ. ನನ್ನ ಮೇಜಿನ ಸ್ಕೇಲಿನ ಅಂಚು ಸವೆದು ಈಗ ಸೆಂಟಿಮೀಟರಿನ ಗೆರೆಗಳೇ ಕಾಣುವುದಿಲ್ಲ.

ಮೇಲಿನ ಸಾಲಿನಲ್ಲಿ 1ಜಿ, 2ಎಜಿ, 2ಎಕೆ, 2ಎಆರ್, ಜಿಎಂ, ಜಿಎಂಕೆ, ಜಿಎಂಆರ್ ಹೀಗೆ ಕಾಲಂಗಳಿರುತ್ತವೆ. ಜಿಎಂ ಎಂದರೆ ಮೀಸಲಾತಿಯಿಲ್ಲದ ಸಾಮಾನ್ಯ ಸೀಟು; 1, 2ಎ, 3ಬಿ ಇವು ಹಿಂದುಳಿದ ವರ್ಗಗಳು. ಕೊನೆಯ ಅಕ್ಷರ ಕೆ ಆದರೆ ಕನ್ನಡ ಮಾಧ್ಯಮ, ಆರ್ ಆದರೆ ಗ್ರಾಮೀಣ, ಜಿ ಆದರೆ ಆ ವರ್ಗದ ಎಲ್ಲರಿಗೂ. ಕನ್ನಡ ಮಾಧ್ಯಮಕ್ಕೆ ಶೇ 5, ಗ್ರಾಮೀಣಕ್ಕೆ ಶೇ 15. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಬೇಕು. ಇಂಡಿ ಪಟ್ಟಣ, ಹಳ್ಳಿಯಲ್ಲ. ಹಳ್ಳಿಯಲ್ಲೇ ಮನೆಯಿದ್ದು, ಎಂಟನೇ ತರಗತಿಗೆ ಇಂಡಿಯ ಶಾಲೆಗೆ ಬಂದವನಿಗೆ ಗ್ರಾಮೀಣ ಕಾಲಂ ಇಲ್ಲ. ತಂದೆಯ ಹೊಲ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತಾರೆ.

ಕಳೆದ ಸಲ ಲಿಂಬೆ ತೋಟದ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. 3ಬಿ, ಹಳ್ಳಿಯ ಸರ್ಕಾರಿ ಶಾಲೆ, ಹತ್ತೂ ವರ್ಷ ಕನ್ನಡ ಮಾಧ್ಯಮ. ಹುಡುಗಿ ಜಿಎಂ ಕಾಲಂ ಒಂದನ್ನೇ ನೋಡಿ, ಆಗುವುದಿಲ್ಲವೆಂದು ಅಳುಮೋರೆ ಮಾಡಿಕೊಂಡಿದ್ದಳು. ನಾನು ಜಿಎಂ ಅಲ್ಲದೆ 3ಬಿಜಿ, 3ಬಿಆರ್, 3ಬಿಕೆ ಕಾಲಂಗಳಿಗೂ ನೀಲಿ ಪೆನ್ನಿನಿಂದ ಗೆರೆ ಹಾಕಿದೆ. ಹಕ್ಕಿರುವ ಕಾಲಂಗಳಲ್ಲಿ ಯಾವುದರ ಕೊನೆಯ ರ‍್ಯಾಂಕ್ ದೊಡ್ಡದೋ ಅದೇ ಅವಳ ಬಾಗಿಲು. ಮೀಸಲಾತಿ ಇರುವವರು ಜಿಎಂ ಕಾಲಂ ನೋಡದೇ ಇರುವುದೂ ತಪ್ಪು. ಆ ಸೀಟು ಎಲ್ಲರದು, ಕೆಲವೊಮ್ಮೆ ಎರಡು ಕಾಲಂಗಳ ನಡುವೆ ಅಂತರವೇ ಇರುವುದಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ವಿಜಯಪುರ ಜಿಲ್ಲೆಯವರು ಪದೇ ಪದೇ ಬೀಳುವುದು. ಭೀಮಾ ನದಿಯ ಆಚೆ ಅಫಜಲಪುರ, ಅದು ಕಲಬುರಗಿ ಜಿಲ್ಲೆ. ಅವರಿಗೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕೊಟ್ಟ ಮೀಸಲಾತಿ ಇದೆ. ಈಚೆಯ ನಮಗೆ ಇಲ್ಲ. ಅದೇ ಮಳೆ, ಅದೇ ಬರ, ಅದೇ ತೊಗರಿ, ಆದರೆ ನಾವು ಹಿಂದೆ ಮುಂಬೈ ಪ್ರಾಂತದವರು, ಅವರು ನಿಜಾಮನ ಕಡೆಯವರು. ಕಲ್ಯಾಣ ಕರ್ನಾಟಕದ ಸೀಟುಗಳ ಪಟ್ಟಿ ಪ್ರತ್ಯೇಕವಾಗಿರುತ್ತದೆ. ಯಾರೋ ಕಳುಹಿಸಿದ ಆ ಪಿಡಿಎಫ್ ತಂದು, "ನೋಡಿ, ಇಷ್ಟು ದೂರದ ರ‍್ಯಾಂಕಿಗೂ ಸಿಕ್ಕಿದೆ" ಎಂದು ತೋರಿಸುವವರಿಗೆ ನಿರಾಶೆ ಮಾಡುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಮೇಲಿನ ತಲೆಬರಹ ಓದಿ, ಆಮೇಲೆ ಅಂಕಿ ನೋಡಿ.

ಒಂದೇ ವರ್ಷದ ಕಟ್‌ಆಫ್ ಸಾಲದು, ಮೂರು ವರ್ಷದ್ದು ಬೇಕು. 2021ನ್ನು ಬಿಟ್ಟುಬಿಡಿ. ಆ ವರ್ಷ ಕೊರೊನಾದಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ಸಿಇಟಿ ಅಂಕದಿಂದಷ್ಟೇ ರ‍್ಯಾಂಕ್ ಕೊಟ್ಟರು. 2022ರಲ್ಲಿ ಹಿಂದಿನ ವರ್ಷ ಪಾಸಾದವರ ಪಿಯುಸಿ ಅಂಕದ ವಿವಾದ ಹೈಕೋರ್ಟಿಗೆ ಹೋಗಿ ರ‍್ಯಾಂಕ್ ಪಟ್ಟಿಯನ್ನೇ ಪರಿಷ್ಕರಿಸಬೇಕಾಯಿತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ ವರ್ಷಗಳಲ್ಲಿ ಮೊದಲ ಸುತ್ತು ಮತ್ತು ಕೊನೆಯ ಸುತ್ತು, ಎರಡನ್ನೂ ಬರೆದುಕೊಳ್ಳಿ. ಐಐಟಿ, ಎನ್‌ಐಟಿ, ಕಾಮೆಡ್‌–ಕೆ ಕಡೆಗೆ ಹೋದವರು ಬಿಟ್ಟ ಸೀಟುಗಳಿಂದ ಸುತ್ತು ಸುತ್ತಿಗೂ ರ‍್ಯಾಂಕ್ ಕೆಳಗಿಳಿಯುತ್ತದೆ, ಅಂದರೆ ಕಟ್‌ಆಫ್ ಅಂಕಿ ದೊಡ್ಡದಾಗುತ್ತದೆ.

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ: ನಿಮ್ಮ ಕಾಲಂನಲ್ಲಿ ಮೂರು ವರ್ಷದ ಮೊದಲ ಸುತ್ತು 14,000, 15,500, 13,200, ಕೊನೆಯ ಸುತ್ತು 21,000, 23,400, 19,000. ನಿಮ್ಮ ರ‍್ಯಾಂಕ್ 13,200ರ ಒಳಗಿದ್ದರೆ ಧೈರ್ಯವಾಗಿರಿ. 13,200ರಿಂದ 19,000ದವರೆಗೆ ಇದ್ದರೆ ಸಿಗುವ ಸಾಧ್ಯತೆ ಚೆನ್ನಾಗಿದೆ, ಆದರೆ ಕೊನೆಯ ಸುತ್ತಿನವರೆಗೆ ಕಾಯುವ ತಾಳ್ಮೆ ಬೇಕು. 19,000 ದಾಟಿ 23,400ರೊಳಗೆ ಇದ್ದರೆ ಅದೃಷ್ಟದ ಮಾತು. ಅದರಾಚೆ ಇದ್ದರೆ ಬೇರೆ ಕಾಲೇಜನ್ನೂ ಗಂಭೀರವಾಗಿ ನೋಡಿ. ಶೇ 70 ಸಾಧ್ಯತೆ, ಶೇ 85 ಸಾಧ್ಯತೆ ಎಂದು ಹಣ ಪಡೆದು ಹೇಳುವವರಿದ್ದಾರೆ. ಆ ಅಂಕಿ ಎಲ್ಲಿಂದ ಬಂತೆಂದು ಕೇಳಿದರೆ ಮಾತು ಬದಲಿಸುತ್ತಾರೆ.

ಸಣ್ಣ ಕಾಲಂಗಳ ಬಗ್ಗೆ ಎಚ್ಚರ. ಒಂದು ವಿಭಾಗಕ್ಕೆ 60 ಸೀಟು ಇದ್ದರೆ 3ಬಿಗೆ ಶೇ 5, ಅಂದರೆ ಮೂರು. ಆ ಮೂರರಲ್ಲಿ ಗ್ರಾಮೀಣದ ಶೇ 15 ಎಂದರೆ ಅರ್ಧ ಸೀಟೂ ಇಲ್ಲ. ಹಾಗಾಗಿ ಒಂದು ವರ್ಷ ಅಲ್ಲಿ ಒಂದು ಸೀಟು, ಮತ್ತೊಂದು ವರ್ಷ ಬರಿಯ ಗೆರೆ. ಒಂದೇ ಸೀಟಿನ ಕಾಲಂನ ಕಟ್‌ಆಫ್ ಎಂದರೆ ಆ ವರ್ಷ ಒಬ್ಬ ಹುಡುಗನೋ ಹುಡುಗಿಯೋ ಮಾಡಿದ ಆಯ್ಕೆ, ಅಷ್ಟೇ. ಅವನಿಗೆ ಬೆಂಗಳೂರು ಬೇಡವೆನಿಸಿದ್ದರೆ ಆ ಅಂಕಿ ಎಲ್ಲಿರುತ್ತಿತ್ತೋ! ಜಿಎಂನಂಥ ಅಗಲವಾದ ಕಾಲಂ ಮೇಲೆ ಭರವಸೆ ಇಡಿ, ಸಣ್ಣ ಕಾಲಂ ಅನ್ನು ಅನಿರೀಕ್ಷಿತ ಲಾಭವೆಂದು ತಿಳಿಯಿರಿ.

ಇಷ್ಟೆಲ್ಲ ಲೆಕ್ಕವೂ ಕಾಗದ ಸರಿಯಿದ್ದರೆ ಮಾತ್ರ. ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಹೆಸರಿನ ಅಕ್ಷರಗಳು, ವ್ಯಾಸಂಗ ಪ್ರಮಾಣಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಇವನ್ನು ಸಿಇಟಿ ಅರ್ಜಿ ಹಾಕುವಾಗಲೇ ನೋಡಿಕೊಳ್ಳಿ. ಪರಿಶೀಲನೆಯಲ್ಲಿ ನಿಲ್ಲದಿದ್ದರೆ ನಿಮಗೆ ಉಳಿಯುವುದು ಜಿಎಂ ಒಂದೇ. ಪಿಯುಸಿಗೆ ಲಾತೂರು, ಸೊಲ್ಲಾಪುರ, ಕೋಟಾ ಎಂದು ಹೊರಟವರಿಗೆ ಇನ್ನೊಂದು ಮಾತು: ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ನಿಯಮ ನೋಡಿಕೊಳ್ಳಿ. ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಆದರೆ ಹನ್ನೆರಡನೇ ತರಗತಿಯನ್ನು ಯಾವ ರಾಜ್ಯದಲ್ಲಿ ಪಾಸು ಮಾಡಿದಿರೋ ನೀವು ಆ ರಾಜ್ಯದವರೆಂದೇ ಲೆಕ್ಕ.

ಇನ್ನು ನಾನು ಮಾಡಿದ ತಪ್ಪು. ಅಂಗಡಿ ತೆರೆದ ಮೊದಲ ವರ್ಷ ನನ್ನ ತಮ್ಮನದೇ ಆಪ್ಷನ್ ಎಂಟ್ರಿ ಮಾಡಿದೆ. ಖಚಿತವಾಗಿ ಸಿಗುವ ಕಾಲೇಜನ್ನು ಮೊದಲಿಗಿಟ್ಟೆ, ಅವನು ಆಸೆಪಟ್ಟಿದ್ದನ್ನು ಆರನೆಯದಾಗಿ ಇಟ್ಟೆ. ಮೊದಲನೆಯದೇ ಸಿಕ್ಕಿತು. ಕಟ್‌ಆಫ್ ಬಂದಾಗ ನೋಡಿದರೆ ಅವನ ರ‍್ಯಾಂಕಿಗೆ ಆರನೆಯದೂ ಸಿಗುತ್ತಿತ್ತು. ಅವನು ಒಂದು ಮಾತೂ ಆಡಲಿಲ್ಲ. ಅವ್ವ ಮಾತ್ರ ಎರಡು ದಿನ ನನ್ನ ತಟ್ಟೆಗೆ ಅನ್ನ ಬಡಿಸಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಯಂತ್ರ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಸಿಕ್ಕಿದ್ದನ್ನು ಕೊಡುತ್ತದೆ, ಮುಂದಕ್ಕೆ ನೋಡುವುದಿಲ್ಲ. ಸಿಗಲಾರದ ಕಾಲೇಜು ಮೇಲಿದ್ದರೆ ಅದನ್ನು ದಾಟಿ ಹೋಗುತ್ತದೆ, ನಿಮಗೆ ಒಂದು ಪೈಸೆ ನಷ್ಟವಿಲ್ಲ. ಆದ್ದರಿಂದ ಏನನ್ನು ಸೇರಿಸಬೇಕು ಎಂಬುದನ್ನು ಈ ಲೆಕ್ಕದಿಂದ ತೀರ್ಮಾನಿಸಿ, ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ಆಸೆಯಿಂದ ತೀರ್ಮಾನಿಸಿ. ಕೊನೆಯಲ್ಲಿ ಖಚಿತವಾಗಿ ಸಿಗುವ ಮೂರು ನಾಲ್ಕು ಇರಲಿ. ಸಿಕ್ಕರೂ ಹೋಗಲಾರೆ ಎನ್ನುವುದನ್ನು ಬರೆಯಲೇಬೇಡಿ.

ಆ ಮೇಲೆ ಅಣಕು ಸೀಟು ಹಂಚಿಕೆ ಬರುತ್ತದೆ. ಈ ವರ್ಷದ ಮಕ್ಕಳೆಲ್ಲ ಏನು ಬರೆದಿದ್ದಾರೆ ಎಂಬುದರ ಮೇಲೆ ನಡೆಯುವ ಲೆಕ್ಕ ಅದೊಂದೇ, ಹಳೆಯ ಮೂರು ವರ್ಷದ ಕಾಗದಕ್ಕಿಂತ ಅದರ ಮಾತಿಗೆ ಬೆಲೆ ಹೆಚ್ಚು. ಲಿಂಬೆ ತೋಟದವರ ಮಗಳಿಗೆ ಅಣಕು ಹಂಚಿಕೆಯಲ್ಲಿ ಹನ್ನೊಂದನೆಯ ಆಯ್ಕೆ ಬಂತು. ಮೊದಲ ಸುತ್ತಿನಲ್ಲಿ ಎಂಟನೆಯದು, ಬೇರೆ ಊರಿನ ಕಾಲೇಜು. ಅದನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವ ‘ಚಾಯ್ಸ್ 2’ ಒತ್ತುವ ಮೊದಲು ತಂದೆ ಮಗಳು ಮತ್ತೆ ಬೆಂಚಿನ ಮೇಲೆ ಕುಳಿತರು. ಮೇಲಿನದು ಸಿಕ್ಕರೆ ಈಗಿನದು ತಾನಾಗಿಯೇ ಹೋಗುತ್ತದೆ, ಮರಳಿ ಬಾ ಎಂದರೆ ಬರುವುದಿಲ್ಲ ಎಂದು ಹೇಳಿದೆ. ಅವಳು ಮೇಲಿನ ಏಳನ್ನೂ ಒಂದೊಂದಾಗಿ ಓದಿ, ಈಗಿನದಕ್ಕಿಂತ ನಿಜವಾಗಿ ಬೇಕೇ ಎಂದು ತನ್ನನ್ನೇ ಕೇಳಿಕೊಂಡು, ನನ್ನ ಪೆನ್ನಿನಿಂದ ನಾಲ್ಕರ ಮೇಲೆ ಗೆರೆ ಎಳೆದಳು. ಯುವಿಸಿಇಯ ಎರಡು ವಿಭಾಗ ಮತ್ತು ಇನ್ನೊಂದು ಕಾಲೇಜು ಉಳಿದವು. ಹೊಡೆದ ನಾಲ್ಕನ್ನು ಕಂಪ್ಯೂಟರಿನಲ್ಲಿ ಅಳಿಸಿ, ಉಳಿದ ಪಟ್ಟಿಯನ್ನು ಎರಡು ಪ್ರತಿ ಮುದ್ರಿಸಿ ಕೊಟ್ಟೆ.