ನಿದ್ದೆ ಬಾರದ ಗಾಡಿ

ನಮ್ಮ ಅಂಗಡಿ ಇರೋದು ಚಿಕ್ಕಬಳ್ಳಾಪುರದಲ್ಲಿ, ಹೈದರಾಬಾದ್ ಹೆದ್ದಾರಿಗೆ ಹತ್ತಿರ. ಆಟೋ ಎಲೆಕ್ಟ್ರಿಕಲ್ ಕೆಲಸ. ಮೊದಲೆಲ್ಲ ಟ್ರಾಕ್ಟರ್, ಟೆಂಪೋ, ಜೀಪು ಬರುತ್ತಿದ್ದವು. ವೈರಿನಲ್ಲಿ ಕರೆಂಟ್ ಇದೆಯಾ ಅಂತ ತೋರಿಸುವ ಒಂದು ಟೆಸ್ಟ್ ಲ್ಯಾಂಪ್ ಇದ್ದರೆ ದಿನ ಸಾಗುತ್ತಿತ್ತು. ಈಗ ತೋಟದವರ ಮನೆ ಮುಂದೆಯೂ ಎಸ್‌ಯುವಿ ನಿಂತಿರುತ್ತದೆ. ಆ ಲ್ಯಾಂಪು ಡ್ರಾ ಸೇರಿದೆ. ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ವೈರಿಗೆ ಅದನ್ನು ಚುಚ್ಚಿದರೆ ಒಳಗಿನ ಸರ್ಕ್ಯೂಟೇ ಸುಟ್ಟು ಹೋಗಬಹುದು.

ಕಳೆದ ಮಳೆಗಾಲದಲ್ಲಿ ಸೇವಂತಿಗೆ ಬೆಳೆಯುವ ಒಬ್ಬರು ಡೀಸೆಲ್ ಎಸ್‌ಯುವಿ ತಂದು ನಿಲ್ಲಿಸಿದರು. "ಎರಡು ದಿನ ನಿಂತ್ರೆ ಸಾಕಣ್ಣ, ಮೂರನೇ ದಿನ ಸೆಲ್ಫ್ ತಗೊಳ್ಳಲ್ಲ. ಮೀಟರ್‌ನಲ್ಲಿ ಇರೋ ಬರೋ ಲೈಟೆಲ್ಲ ಹತ್ಕೊಳ್ತವೆ. ಇದು ಎರಡನೇ ಬ್ಯಾಟ್ರಿ. ಒಂದು ಕಡೆ ಬಿಸಿಎಂ ಚೇಂಜ್ ಮಾಡ್ಬೇಕು ಅಂದ್ರು" ಅಂದರು. ಬಿಸಿಎಂ ಅಂದರೆ ಬಾಗಿಲು, ಲೈಟು ಇವನ್ನೆಲ್ಲ ನೋಡಿಕೊಳ್ಳುವ ಕಂಪ್ಯೂಟರ್.

ಗಾಡಿಯ ಕಂಪ್ಯೂಟರ್‌ಗಳು ಬರೆದಿಟ್ಟ ದೂರು ಓದುವ ಸ್ಕ್ಯಾನರ್ ಹಾಕಿದೆ. ಹದಿನೈದಕ್ಕೂ ಜಾಸ್ತಿ ಕೋಡ್ ಬಂತು. ಎಬಿಎಸ್ ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಎಲ್ಲರದ್ದೂ ಒಂದೊಂದು ದೂರು. ಇದನ್ನು ನೋಡಿಯೇ ಪಾರ್ಟ್ ಬದಲಾಯಿಸೋಕೆ ಹೊರಡೋದು. ಆದರೆ ಅದರಲ್ಲೇ ಪಿ0562 ಇತ್ತು, ಅಂದರೆ ವೋಲ್ಟೇಜ್ ಕಡಿಮೆ. ಉಳಿದವು ಬಹುಪಾಲು ಯು ಅಕ್ಷರದವು, ಅಂದರೆ ಒಂದು ಮಾಡ್ಯೂಲ್ (ಗಾಡಿಯೊಳಗಿನ ಸಣ್ಣ ಕಂಪ್ಯೂಟರ್) ಮಾತಿಗೆ ಇನ್ನೊಂದು ಸಿಗಲಿಲ್ಲ ಅಂತ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಮಾಡ್ಯೂಲ್‌ಗಳು ಮೂರ್ಛೆ ಹೋಗುತ್ತವೆ, ಆಮೇಲೆ ಒಂದರ ಮೇಲೊಂದು ದೂರು ಬರೆಯುತ್ತವೆ. ಕೋಡ್‌ಗಳನ್ನು ಬರೆದಿಟ್ಟುಕೊಂಡು ಅಳಿಸಿದೆ.

ಬ್ಯಾಟರಿ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 12.6 ವೋಲ್ಟ್. ಸೆಲ್ಫ್ ಹೊಡೆದಾಗ 10.4ಕ್ಕೆ ಇಳಿಯಿತು, ಪರವಾಗಿಲ್ಲ. 9.6ಕ್ಕಿಂತ ಕೆಳಗೆ ಹೋದರೆ ಯೋಚನೆ ಮಾಡಬೇಕು. ಇಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್‌ಗೂ ಮೀಟರ್ ಇಟ್ಟು ಮತ್ತೆ ಸೆಲ್ಫ್ ಹೊಡೆಸಿದೆ, 0.1 ವೋಲ್ಟ್. ಅರ್ಥ್ ಸರಿಯಿದೆ. ಸ್ಟಾರ್ಟ್ ಆದ ಮೇಲೆ 14.2, ಚಾರ್ಜಿಂಗೂ ಸರಿ. ನಮ್ಮ ಕಡೆ ಇಲಿ ಕಾಟ ಜಾಸ್ತಿ, ಬಾನೆಟ್ ಕೆಳಗೆ ವೈರಿಂಗ್ ಪೂರ್ತಿ ನೋಡಿದೆ. ಕಡಿದ ಗುರುತಿಲ್ಲ.

ಉಳಿದದ್ದು ಒಂದೇ. ನಿಂತಾಗ ಕರೆಂಟ್ ಸೋರುತ್ತಿದೆ.

ಇದನ್ನು ಅಳೆಯೋಕೆ ತಾಳ್ಮೆ ಬೇಕು. ಲಾಕ್ ಮಾಡಿದ ಕೂಡಲೇ ಈ ಗಾಡಿಗಳು ಮಲಗುವುದಿಲ್ಲ. ಒಂದೊಂದೇ ಮಾಡ್ಯೂಲ್ ನಿದ್ದೆಗೆ ಜಾರೋಕೆ ಅರ್ಧ ಗಂಟೆ, ಕೆಲವಕ್ಕೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಬಾನೆಟ್ ತೆರೆದೇ ಇರಬೇಕು, ಆದರೆ ಮುಚ್ಚಿದೆ ಅಂತ ಗಾಡಿಗೆ ಅನ್ನಿಸಬೇಕು. ಅದಕ್ಕೆ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿಡಬೇಕು. ಫ್ಯೂಸ್ ಬಾಕ್ಸ್ ಕೈಗೆ ಸಿಗಲಿ ಅಂತ ಡ್ರೈವರ್ ಬಾಗಿಲಿಗೂ ಹಾಗೇ ಮಾಡಿದೆ. (ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿಯೇ ಬಾಗಿಲು ಹಾಕಬೇಕು. ಮರೆತು ಹಾಕಿ ಒಮ್ಮೆ ಬೈಸಿಕೊಂಡಿದ್ದೇನೆ.) ಕೀಲಿಯನ್ನು ಎದುರಿನ ಟೀ ಅಂಗಡಿಗೆ ಕೊಟ್ಟು ಕಳಿಸಿದೆ. ಹತ್ತಿರವಿದ್ದರೆ ಗಾಡಿ ಎಚ್ಚರವಾಗಬಹುದು.

ಮೈನಸ್ ಕ್ಲಾಂಪ್ ಬಿಚ್ಚುವ ಮೊದಲೇ ಒಂದು ದಪ್ಪ ಜಂಪರ್ ವೈರನ್ನು ಕ್ಲಾಂಪಿಗೂ ಬ್ಯಾಟರಿ ಪೋಸ್ಟಿಗೂ ಸೇರಿಸಿದೆ. ಆಮೇಲೆ 10 ಆಂಪ್ ಸಾಕೆಟ್‌ಗೆ ಹಾಕಿದ ಮೀಟರನ್ನು ಅದಕ್ಕೆ ಜೊತೆ ಕೊಟ್ಟು ಕಾದೆ. ಮೊದಲೇ ಜಂಪರ್ ತೆಗೆದರೆ ಎಲ್ಲ ಇನ್ನೂ ಎಚ್ಚರವಿದ್ದು ಮೀಟರಿನ ಫ್ಯೂಸ್ ಹೋಗಬಹುದು. ನನ್ನದು ಎರಡು ಸಲ ಹೋಗಿದೆ.

ನಲವತ್ತು ನಿಮಿಷ ಬಿಟ್ಟು ಜಂಪರ್ ತೆಗೆದೆ. 0.7 ಆಂಪಿಯರ್! 0.05ಕ್ಕಿಂತ ಕಡಿಮೆ ಇರಬೇಕಿತ್ತು. ಲೆಕ್ಕ ಹಾಕಿ, ದಿನಕ್ಕೆ ಸುಮಾರು 17 ಆಂಪಿಯರ್ ಅವರ್. ಬ್ಯಾಟರಿ ಇರೋದೇ 65. ಎರಡು ದಿನಕ್ಕೆ ಅರ್ಧ ಖಾಲಿ. ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಪೂರ್ತಿ ಚಾರ್ಜ್ ಆಗಿರುವುದೂ ಅಷ್ಟರಲ್ಲೇ ಇದೆ.

ಫ್ಯೂಸ್ ಒಂದೊಂದೇ ಕೀಳುವುದು ಹಳೆ ಪದ್ಧತಿ. ಈಗ ಹಾಗೆ ಮಾಡಬಾರದು, ಕಿತ್ತು ಹಾಕಿದರೆ ಮಲಗಿದ್ದ ಮಾಡ್ಯೂಲ್ ಮತ್ತೆ ಏಳುತ್ತದೆ. ಫ್ಯೂಸಿನ ತಲೆ ಮೇಲೆ ಎರಡು ಸಣ್ಣ ಪಾಯಿಂಟ್ ಕಾಣುತ್ತವಲ್ಲ, ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಅಲ್ಲೇ ಮುಟ್ಟಿಸಬೇಕು. ಸೊನ್ನೆ ಬಂದರೆ ಕರೆಂಟ್ ಹರಿಯುತ್ತಿಲ್ಲ. ಒಂದು ಫ್ಯೂಸ್ ಸಿಕ್ಕಿಬೀಳುತ್ತದೆ ಅಂದುಕೊಂಡಿದ್ದೆ. ನೋಡಿದರೆ ಐದು ಫ್ಯೂಸ್‌ಗಳಲ್ಲಿ ಒಂದೆರಡು ಮಿಲಿವೋಲ್ಟ್ ತೋರಿಸಿತು. ಹಾಗಾದರೆ ಯಾವುದೋ ಒಂದು ಬಲ್ಬೋ ಸ್ಟೀರಿಯೋವೋ ತಿನ್ನುತ್ತಿಲ್ಲ. ಮನೆಮಂದಿಯೆಲ್ಲ ಎದ್ದು ಕೂತಿದ್ದಾರೆ, ಯಾರೋ ಒಬ್ಬರು ಮಲಗೋಕೆ ಬಿಡುತ್ತಿಲ್ಲ.

ಮತ್ತೆ ಸ್ಕ್ಯಾನರ್ ಹಾಕಿ ಲೈವ್ ಡೇಟಾದಲ್ಲಿ ಬಾಗಿಲುಗಳನ್ನು ನೋಡಿದೆ. ನಾಲ್ಕೂ ಮುಚ್ಚಿವೆ. ಡಿಕ್ಕಿ ಮಾತ್ರ 'ಓಪನ್'. ಹಿಂದೆ ಹೋಗಿ ನೋಡಿದರೆ ಗಟ್ಟಿಯಾಗಿ ಮುಚ್ಚಿದೆ. ಅಂಗೈಯಿಂದ ಒಂದು ಗುದ್ದು ಕೊಟ್ಟೆ, 'ಕ್ಲೋಸ್' ಆಯಿತು. ಇನ್ನೊಂದು ಕೊಟ್ಟೆ, ಮತ್ತೆ 'ಓಪನ್'. ಡಿಕ್ಕಿ ತೆರೆದಿದೆ ಅಂದುಕೊಂಡೇ ಗಾಡಿ ಮಲಗುತ್ತಿಲ್ಲ.

"ಓ, ಅದಾ?" ಅಂದರು ಯಜಮಾನರು. "ಆವಾಗಾವಾಗ ಡಿಕ್ಕಿ ಸಿಂಬಲ್ ಬರ್ತೈತೆ. ಇನ್ನೊಂದ್ಸಲ ಜೋರಾಗಿ ಹಾಕಿದ್ರೆ ಹೋಗ್ತೈತೆ. ಒಳಗಡೆ ಲೈಟು ಸುಮ್ನೆ ಉರೀತಿತ್ತು, ನಾನೇ ಬಲ್ಬ್ ತೆಗೆಸಿಬಿಟ್ಟೆ."

ಬೆಳಗ್ಗೆಯೇ ಇದನ್ನು ಹೇಳಿದ್ದರೆ ನಾನು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದಿತ್ತು.

ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಬಿಚ್ಚಿದೆ. ಲಾಕಿನ ಬಾಯಲ್ಲಿ ಒಣಗಿದ ಸೇವಂತಿಗೆ ಎಸಳು ಗ್ರೀಸಿಗೆ ಅಂಟಿ ಉಂಡೆ ಕಟ್ಟಿತ್ತು. ನೀರು ಚಿಮುಕಿಸಿದ ಹೂವಿನ ಚೀಲ ತುಂಬಿ ತುಂಬಿ ವೈರ್ ಸೇರುವ ಕಪ್ಲರ್ ಪಿನ್ನಿನ ಮೇಲೆ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಬ್ರಷ್‌ನಲ್ಲಿ ತಿಕ್ಕಿದೆ. ಸಿಗ್ನಲ್ ಸ್ಥಿರವಾಯಿತು, ಆದರೂ ಗುದ್ದಿದರೆ ಒಮ್ಮೊಮ್ಮೆ ಮಿನುಗುತ್ತಿತ್ತು. ಬಾಗಿಲು ಮುಚ್ಚಿದೆಯಾ ಅಂತ ಹೇಳುವ ಮೈಕ್ರೋ ಸ್ವಿಚ್ ಲಾಕಿನೊಳಗೇ ಕೂತಿರುತ್ತದೆ, ಬೇರೆ ಸಿಗಲ್ಲ. ಪೂರ್ತಿ ಲಾಕ್ ತರಿಸಿ ಹಾಕಿದೆ. ಬಿಸಿಎಂ ಮುಟ್ಟಲೇ ಇಲ್ಲ.

ಹೊಸ ಲಾಕ್ ಹಾಕಿದ ದಿನ ಮತ್ತೆ ನಲವತ್ತು ನಿಮಿಷ ಕಾದೆವು. 0.02 ಆಂಪಿಯರ್. ಡಿಕ್ಕಿ ಬಲ್ಬನ್ನೂ ವಾಪಸ್ ಹಾಕಿಕೊಟ್ಟೆ. ಮೊದಲು 'ಡೆಡ್' ಅಂತ ತೆಗೆದಿಟ್ಟಿದ್ದ ಬ್ಯಾಟರಿ ಏನಾಯಿತು ಅಂತ ಕೇಳಿದೆ. ತೋಟದ ಸೋಲಾರ್ ಬೇಲಿಗೆ ಹಾಕಿದ್ದಾರಂತೆ, ಚೆನ್ನಾಗೇ ಓಡ್ತಾ ಇದೆಯಂತೆ.