ಬೆಣ್ಣೆ ದೋಸೆ ಪಕ್ಕ ವೈನ್ ಇಡುವ ಮೊದಲು

ಹತ್ತು ವರ್ಷದ ಹಿಂದೆ ಮಗ ಬೆಂಗಳೂರಿನಿಂದ ನಾಲ್ಕು ಬಾಟಲಿ ವೈನ್ ತಂದು, "ಅಮ್ಮಾ, ಭಾನುವಾರ ಎಂಟು ಜನರನ್ನು ಕರೀತೀನಿ, ಎಲ್ಲಾರೂ ಕೂತು ರುಚಿ ನೋಡೋಣ" ಅಂದಾಗ ನನಗೆ ಗಾಬರಿಯೇ ಆಗಿತ್ತು. ಆಮೇಲೆ ದಾವಣಗೆರೆಯ ಇದೇ ಮನೆಯಲ್ಲಿ ವರ್ಷಕ್ಕೆ ಒಂದೆರಡು ಸಲ ಮಾಡುತ್ತಲೇ ಬಂದಿದ್ದೇವೆ. ಈಗ ನೆಂಟರ ಮಕ್ಕಳು, ಸೊಸೆಯಂದಿರು ಫೋನ್ ಮಾಡಿ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ.

ಮೊದಲು ನಮ್ಮ ಬಿಸಿಲಿನ ವಿಷಯ. ಕೆಂಪು ವೈನನ್ನು ಫ್ರಿಜ್ಜಲ್ಲಿ ಇಡಬಾರದು, ಕೋಣೆಯಲ್ಲಿ ಇದ್ದ ಹಾಗೇ ಕೊಡಬೇಕು ಅಂತ ಯಾರೋ ಹೇಳಿರುತ್ತಾರೆ. ಆ ಕೋಣೆ ಯುರೋಪಿನ ಚಳಿ ಊರಿನದು, 16ರಿಂದ 18 ಡಿಗ್ರಿ ಇರುವಂಥದ್ದು. ಏಪ್ರಿಲ್ ತಿಂಗಳ ನಮ್ಮ ನಡುಮನೆಯಲ್ಲಿ ಸಂಜೆ ಏಳಕ್ಕೂ ಗೋಡೆ ಬಿಸಿ ಇರುತ್ತದೆ, ಅಲ್ವಾ? ಅಲ್ಲಿಟ್ಟ ಕೆಂಪು ವೈನ್ ಬಾಯಿಗೆ ಇಟ್ಟರೆ ಬರೀ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುತ್ತದೆ, ಹಣ್ಣಿನ ರುಚಿ ಗೊತ್ತೇ ಆಗುವುದಿಲ್ಲ. ಕೆಂಪನ್ನು ಕೊಡುವ ಮುಂಚೆ ಅರ್ಧದಿಂದ ಮುಕ್ಕಾಲು ಗಂಟೆ ಫ್ರಿಜ್ಜಲ್ಲಿ ಇಡಿ. ಬಿಳಿ ವೈನ್ 8ರಿಂದ 12 ಡಿಗ್ರಿ, ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ಅದಕ್ಕಿಂತ ತಂಪು. ಮಧ್ಯಾಹ್ನವೇ ಫ್ರಿಜ್ಜಿಗೆ ಸೇರಿಸಿ. ಮರೆತುಹೋದರೆ ಬಕೆಟ್ಟಿಗೆ ಐಸು, ಅದು ಮುಳುಗುವಷ್ಟು ನೀರು, ಎರಡು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಕತ್ತಿನವರೆಗೆ ಮುಳುಗಿಸಿ. ಇಪ್ಪತ್ತು ನಿಮಿಷ ಸಾಕು. ಬರೀ ಐಸಲ್ಲಿ ಇಟ್ಟರೆ ಜಾಸ್ತಿ ಹೊತ್ತು ಬೇಕು, ನೀರು ಇದ್ದರೇನೇ ಬಾಟಲಿಗೆ ಎಲ್ಲಾ ಕಡೆ ತಂಪು ತಾಗುವುದು.

ತರುವಾಗಲೂ ಹುಷಾರು. ಒಂದು ಮೇ ತಿಂಗಳು ಬೆಂಗಳೂರಿನಿಂದ ಬರುವಾಗ ದಾರಿಯಲ್ಲಿ ಊಟಕ್ಕೆ ನಿಂತೆವು, ಬಾಟಲಿಗಳು ಕಾರಿನ ಡಿಕ್ಕಿಯಲ್ಲೇ ಇದ್ದವು. ಮನೆಗೆ ಬಂದು ನೋಡಿದರೆ ಒಂದರ ಕಾರ್ಕ್ ಕಡಲೆಕಾಳಿನಷ್ಟು ಮೇಲೆದ್ದು ಕೂತಿತ್ತು. ಕತ್ತಿನ ಸುತ್ತ ಅಂಟಂಟು. ತೆಗೆದು ಕುಡಿದರೆ ಹಣ್ಣು ಬೇಯಿಸಿ ಇಟ್ಟ ಹಾಗೆ ರುಚಿ. ಅಷ್ಟು ದುಡ್ಡು ಕೊಟ್ಟು ಮಗ ಆರಿಸಿ ತಂದ ಬಾಟಲಿ ಅದು, ನನಗೆ ಬಹಳ ಬೇಜಾರಾಯಿತು. ಈಗ ಸೀಟಿನ ಕೆಳಗೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ತರುತ್ತೇವೆ. ಅಂಗಡಿಯಲ್ಲೂ ಬಿಸಿಲು ಬೀಳುವ ಶೆಲ್ಫಿನ ಬಾಟಲಿ ತೆಗೆದುಕೊಳ್ಳಬೇಡಿ.

ಎಷ್ಟು ಬಾಟಲಿ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಂದು ಬಾಟಲಿ 750 ಮಿಲಿ. ರುಚಿ ನೋಡಲು ಒಬ್ಬರಿಗೆ 50 ಮಿಲಿ ಸಾಕು. ಎಂಟು ಜನಕ್ಕೆ 400 ಮಿಲಿ ಆಯಿತು, ಉಳಿದದ್ದು ಊಟದ ಹೊತ್ತಿಗೆ. ನಾಲ್ಕು ಬಗೆ, ಒಂದೊಂದು ಬಾಟಲಿ, ಮುಗಿಯಿತು. ಜಾಸ್ತಿ ತಂದರೆ ಜನ ರುಚಿ ನೋಡುವುದು ಬಿಟ್ಟು ಕುಡಿಯಲು ಕೂರುತ್ತಾರೆ, ಅದು ಬೇರೆ ಪಾರ್ಟಿ. ನಮ್ಮ ನಂದಿ ಬೆಟ್ಟದ ತಪ್ಪಲಿನದು ಒಂದು, ನಾಸಿಕ್ ಕಡೆಯದು ಒಂದೆರಡು ಇದ್ದರೆ ಚೆನ್ನ. ಕೊಪ್ಪಳ ಜಿಲ್ಲೆಯಲ್ಲೂ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ನಮ್ಮ ಪಕ್ಕದ ನೆಲದ್ದು ಅಂತ ಗೊತ್ತಾದಾಗ ಬಂದವರ ಮುಖ ಅರಳುವುದನ್ನು ನೋಡಬೇಕು.

ಮನೆಯ ವಾಸನೆ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ವೈನಿನ ರುಚಿ ಅರ್ಧಕ್ಕಿಂತ ಜಾಸ್ತಿ ಮೂಗಿನಲ್ಲೇ ಇರುವುದು. ದೇವರ ದೀಪ, ಊದುಬತ್ತಿ ಎಲ್ಲಾ ಐದು ಗಂಟೆಗೇ ಮುಗಿಸಿ ಕಿಟಕಿ ತೆಗೆದಿಡಿ. ಅವತ್ತು ಒಂದು ದಿನ ಮುಡಿಗೆ ಮಲ್ಲಿಗೆ ಬೇಡ, ಸೆಂಟೂ ಬೇಡ ಅಂತ ಕರೆಯುವಾಗಲೇ ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗ್ಲಾಸಿಗೂ ವಾಸನೆ ಹಿಡಿಯುತ್ತದೆ. ಬೀರುವಿನಲ್ಲಿ ಬೋರಲು ಹಾಕಿಟ್ಟ ಗ್ಲಾಸನ್ನು ಹಾಗೇ ಮೂಸಿ ನೋಡಿ, ಹಳೇ ಮರದ ವಾಸನೆ ಬರುತ್ತದೆ. ನಾನು ಮಾಡುವುದು ಇಷ್ಟು: ಬಿಸಿನೀರಲ್ಲಿ ತೊಳೆದು, ಕುದಿಯುವ ಪಾತ್ರೆಯ ಆವಿಗೆ ಗ್ಲಾಸನ್ನು ಬೋರಲು ಹಿಡಿದು, ಒಳಗೆ ಮಂಜು ಕಟ್ಟಿದ ತಕ್ಷಣ ಹಳೇ ಹತ್ತಿ ಪಂಚೆಯಲ್ಲಿ ಒರೆಸುತ್ತೇನೆ. ಹೊಸ ಬಟ್ಟೆ ನಾರು ಬಿಡುತ್ತದೆ. ನಮ್ಮ ಯಜಮಾನರ ಪಂಚೆ ನೂರು ಸಲ ಒಗೆದು ಬೆಣ್ಣೆಯ ಹಾಗೆ ಮೆತ್ತಗಾಗಿದೆ, ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಒಂದು ವೈನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬಾಯಿ ಚೊಕ್ಕ ಆಗಬೇಕು. ಬೇರೆ ಕಡೆ ಸಪ್ಪೆ ಬ್ರೆಡ್ ಇಡುತ್ತಾರೆ. ನಮಗೆ ಅದ್ಯಾಕೆ? ದಾವಣಗೆರೆಯಲ್ಲಿ ಕೂತು ಮಂಡಕ್ಕಿ ಬಿಟ್ಟು ಬ್ರೆಡ್ ಹುಡುಕಬೇಕಾ? ಒಗ್ಗರಣೆ ಹಾಕದ, ಭಟ್ಟಿಯಿಂದ ಬಂದ ಗರಿಗರಿ ಮಂಡಕ್ಕಿಯನ್ನು ಬುಟ್ಟಿಯಲ್ಲಿ ಇಡಿ. ಎಣ್ಣೆ ಇಲ್ಲ, ಖಾರ ಇಲ್ಲ, ನಾಲಿಗೆ ಮೇಲಿನದನ್ನೆಲ್ಲಾ ಹೀರಿಕೊಳ್ಳುತ್ತದೆ. ಒಂದು ಹಿಡಿ ತಿಂದು ಒಂದು ಗುಟುಕು ನೀರು ಕುಡಿದರೆ ಸಾಕು. ಪಕ್ಕದಲ್ಲಿ ಒಂದೆರಡು ಸ್ಟೀಲ್ ತಂಬಿಗೆಯನ್ನೂ ಇಡಿ, ಕುಡಿಯಲು ಮನಸ್ಸಿಲ್ಲದವರು ಬಾಯಿ ಮುಕ್ಕಳಿಸಿ ಅದಕ್ಕೆ ಉಗಿಯಬಹುದು. ವೈನ್ ಕೆಲಸದಲ್ಲಿ ಇರುವವರೇ ಹಾಗೆ ಮಾಡುವುದು ಅಂತ ಹೇಳಿ ಮನೆಯವರು ಒಬ್ಬರು ಮೊದಲು ಮಾಡಿದರೆ ಸಂಕೋಚ ಹೋಗುತ್ತದೆ.

ಇನ್ನು ತಿಂಡಿ. ಬಿಳಿ ಮೊದಲು, ಕೆಂಪು ಆಮೇಲೆ, ಸಿಹಿ ಕೊನೆಗೆ. ತಿಂಡಿಯೂ ಅದೇ ಸಾಲಿನಲ್ಲಿ ಬರಲಿ. ಸ್ಪಾರ್ಕ್ಲಿಂಗ್ ಜೊತೆ ಅಂಗೈ ಅಗಲದ ಬೆಣ್ಣೆ ದೋಸೆ. ಬೆಣ್ಣೆಯ ಜಿಡ್ಡು ನಾಲಿಗೆಗೆ ಕೂತಾಗ ವೈನಿನ ಹುಳಿ ಮತ್ತು ಗುಳ್ಳೆ ಅದನ್ನು ಉಜ್ಜಿ ತೆಗೆದ ಹಾಗೆ ಆಗುತ್ತದೆ, ಮುಂದಿನ ತುತ್ತು ಮೊದಲನೆಯ ತುತ್ತಿನಷ್ಟೇ ರುಚಿ. ನಾನು ಹಿಟ್ಟಿಗೆ ಒಂದು ಹಿಡಿ ನೆನೆಸಿದ ಮಂಡಕ್ಕಿ ಸೇರಿಸಿ ರುಬ್ಬುತ್ತೇನೆ, ಅಂಚು ಗರಿಯಾಗಿ ನಡು ಮೆತ್ತಗೆ ಬರುತ್ತದೆ. ಚಟ್ನಿಗೆ ಹಸಿಮೆಣಸಿನಕಾಯಿ ಎಂದಿಗಿಂತ ಅರ್ಧ ಹಾಕಿ.

ಮಿರ್ಚಿ ಇಲ್ಲದೆ ನಮ್ಮೂರಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಆದರೆ ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತದೆ, ಕೆಂಪು ವೈನ್ ಆದರೆ ಒಗರೂ ಸೇರಿ ಬಾಯಿ ಕಹಿಯಾಗುತ್ತದೆ. ಮೆಣಸಿನಕಾಯಿ ಸೀಳಿ ಬೀಜದ ಜೊತೆ ಒಳಗಿನ ಬಿಳಿ ನಾರನ್ನೂ ಕೆರೆದು ತೆಗೆಯಿರಿ. ಖಾರ ಜಾಸ್ತಿ ಇರುವುದು ಬೀಜದಲ್ಲಿ ಅಲ್ಲ, ಆ ನಾರಿನಲ್ಲಿ. ಜೊತೆಗೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಕೊಡಿ, ಖಾರ ತಣ್ಣಗಾಗುತ್ತದೆ. ಮಿರ್ಚಿಯನ್ನು ಹಿತ್ತಲಲ್ಲಿ ಕರಿಯಿರಿ, ಎಣ್ಣೆ ಹೊಗೆ ಒಳಗೆ ಬಂದರೆ ಐದು ಗಂಟೆಗೆ ಕಿಟಕಿ ತೆಗೆದದ್ದು ದಂಡ.

ಕೆಂಪಿಗೆ ಶಿರಾಜ್ ಇದ್ದರೆ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ ಮಾಡಿ. ಶಿರಾಜಲ್ಲಿ ಕಾಳುಮೆಣಸಿನ ಒಂದು ವಾಸನೆ ಇದೆ, ಹುರಿದ ಶೇಂಗಾ, ಎಳ್ಳಿನ ಜೊತೆ ಎಷ್ಟು ಚೆನ್ನಾಗಿ ಕೂಡುತ್ತದೆ ಅಂದರೆ, ನನ್ನ ತಂಗಿ ವೈನ್ ಮುಟ್ಟದವಳು, ಮೂಸಿ ನೋಡಿಯೇ ಒಪ್ಪಿಕೊಂಡಳು. ಶೇಂಗಾದ ಜಿಡ್ಡು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ. ಹುಣಸೆಹಣ್ಣು ಮಾತ್ರ ಕಡಿಮೆ, ತಿಂಡಿ ವೈನಿಗಿಂತ ಹುಳಿಯಾದರೆ ವೈನ್ ನೀರಿನ ಹಾಗೆ ಆಗುತ್ತದೆ. ಮಾಂಸ ತಿನ್ನುವವರಿಗೆ ಖೈಮಾ ಉಂಡೆಯೂ ಸರಿ.

ಸಿಹಿಯಲ್ಲಿ ನಾನು ಒಮ್ಮೆ ಎಡವಿದ್ದೆ. ಹಬ್ಬದ ಹಾಗೆ ಇರಲಿ ಅಂತ ಹೋಳಿಗೆ ಮಾಡಿಟ್ಟೆ. ಹೋಳಿಗೆ ತಿಂದು ಕೆಂಪು ವೈನ್ ಕುಡಿದವರೆಲ್ಲಾ ಮುಖ ಹಿಂಡಿದರು, ಹುಣಸೆ ನೀರು ಕುಡಿದ ಹಾಗಿತ್ತು. ತಿಂಡಿಗಿಂತ ವೈನ್ ಸಿಹಿ ಇರಬೇಕು. ಈಗ ಕೊನೆಗೆ ಸಿಹಿ ವೈನ್ ತಂದರೆ ಹುರಿದ ಗೋಡಂಬಿ, ಹಿರಿಯೂರು ಕಡೆಯ ದಾಳಿಂಬೆ ಬಿಡಿಸಿ ಇಡುತ್ತೇನೆ. ಹೋಳಿಗೆಯನ್ನು ಡಬ್ಬಿಗೆ ಹಾಕಿ ಮನೆಗೆ ಕಳಿಸುತ್ತೇನೆ.

ಕುಡಿಯದವರನ್ನು ಸುಮ್ನೆ ಮೂಲೆಯಲ್ಲಿ ಕೂರಿಸಬೇಡಿ. ಅವರಿಗೂ ಅದೇ ಒಳ್ಳೇ ಗ್ಲಾಸು ಕೊಡಿ, ಸಕ್ಕರೆ ಹಾಕದ ದಾಳಿಂಬೆ ರಸ, ಕೋಕಂ, ಶುಂಠಿ ಮಜ್ಜಿಗೆ. ಬಾಟಲಿಗೆ ಪೇಪರ್ ಸುತ್ತಿ ನಂಬರ್ ಬರೆಯುವ ಕೆಲಸವನ್ನೂ ಅವರಿಗೇ ಬಿಡಿ, ಯಾವುದು ಯಾವುದು ಅಂತ ಗೊತ್ತಿರುವುದು ಅವರಿಗೆ ಮಾತ್ರ. ಕುಡಿಯುವವರು ಹೆಸರು ನೋಡದೆ ಮಾರ್ಕ್ಸ್ ಹಾಕುತ್ತಾರೆ, ನಮ್ಮಲ್ಲಿ ಎರಡು ಸಲ ಕಡಿಮೆ ಬೆಲೆಯ ಬಾಟಲಿಗೇ ಜಾಸ್ತಿ ಬಂದಿದೆ. ಯಾರೂ ಗಾಡಿ ಓಡಿಸಿಕೊಂಡು ಹೋಗುವಂತಿಲ್ಲ, ಗೊತ್ತಿರುವ ಇಬ್ಬರು ಆಟೋದವರಿಗೆ ಮೊದಲೇ ಹೇಳಿಟ್ಟಿರುತ್ತೇನೆ, ಸ್ಕೂಟರ್ ಕೀ ನನ್ನ ಸೆರಗಿನ ಗಂಟಿಗೆ.

ಉಳಿದ ವೈನಿಗೆ ಮುಚ್ಚಳ ಬಿಗಿಯಾಗಿ ಹಾಕಿ ಫ್ರಿಜ್ಜಲ್ಲಿ ನಿಲ್ಲಿಸಿ, ಕೆಂಪನ್ನೂ ಸಹ. ಎರಡು ಮೂರು ದಿನ ಚೆನ್ನಾಗಿರುತ್ತದೆ, ಸ್ಪಾರ್ಕ್ಲಿಂಗ್ ಮಾತ್ರ ಅವತ್ತೇ ಮುಗಿಸಬೇಕು. ಬಟ್ಟೆ ಮೇಲೆ ಕೆಂಪು ಚೆಲ್ಲಿದರೆ ಉಜ್ಜಬೇಡಿ, ಹರಡುತ್ತದೆ. ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಮೇಲೆ ಉಪ್ಪು ಸುರಿದು ಅದು ಗುಲಾಬಿ ಬಣ್ಣಕ್ಕೆ ತಿರುಗುವವರೆಗೆ ಬಿಡಿ, ಆಮೇಲೆ ತಣ್ಣೀರು. ಬಿಸಿನೀರು ಬೇಡ, ಕಲೆ ಕೂತುಬಿಡುತ್ತದೆ.